ಅಟ್ಟಕ್ಕೆ ಹೋದ ಹೊಗೆ

ಸಂಜೆ ಒಲೆ ಹಚ್ಚುವ ಹೊತ್ತಿಗೆ ಯಾವುದಾದರೂ ಹಳ್ಳಿಗೆ ಕಾಲಿಟ್ಟರೆ ನಾನು ಮೊದಲು ನೋಡುವುದು ಜನರ ಮುಖವನ್ನಲ್ಲ, ಮನೆಗಳ ಹೆಂಚನ್ನು. ಹೆಂಚಿನ ಮೇಲೆ ಪೈಪು ಇದ್ದು ಅದರ ಬಾಯಿಂದ ಹೊಗೆ ಬರುತ್ತಿದ್ದರೆ ಸಮಾಧಾನ. ಪೈಪು ಇದ್ದೂ ಹೊಗೆ ಕಾಣದಿದ್ದರೆ ಕಾಲು ಮುಂದೆ ಹೋಗುವುದಿಲ್ಲ. ಯಾಕೆ ನಿಂತಿರಿ ಎಂದು ಜೊತೆಯವರು ಕೇಳುತ್ತಾರೆ. ಚಪ್ಪಲಿಗೆ ಕಲ್ಲು ಸಿಕ್ಕಿದೆ ಎನ್ನುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಹೇಳುತ್ತಾ ಕೂರುವುದಕ್ಕೆ ನನಗೆ ತಾಳ್ಮೆಯಿಲ್ಲ.

ನಾನು ಬರೆದು ಬದುಕಿದವಳು. ಕತೆ ಕಾದಂಬರಿ ಬರೆದು ಅಂದುಕೊಳ್ಳಬೇಡಿ, ಕಾಲೊರೆಸುಗಳ ಬಗ್ಗೆ ಬರೆದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹೊರದೇಶದ ಒಂದು ಸಂಸ್ಥೆ ನಮ್ಮ ಸುತ್ತಿನ ಹಳ್ಳಿಗಳ ಹೆಂಗಸರ ಸಂಘಗಳಿಂದ ತೆಂಗಿನ ನಾರಿನ ಕಾಲೊರೆಸು ಕೊಳ್ಳುತ್ತಿತ್ತು. ನಡುವೆ ದಲ್ಲಾಳಿ ಇಲ್ಲ, ಬೆಲೆ ನ್ಯಾಯವಾದದ್ದು, ಮಾರುವುದು ತನ್ನದೇ ಅಂಗಡಿಗಳಲ್ಲಿ. ಒಂದೊಂದು ಕಾಲೊರೆಸಿನ ಜೊತೆಗೂ ಒಂದು ಚೀಟಿ ಹೋಗಬೇಕು: ಇದನ್ನು ಮಾಡಿದವಳು ಯಾರು, ಅವಳ ಕಷ್ಟವೇನು, ಈಗ ಅವಳ ಆಸೆಯೇನು. ಆ ಚೀಟಿಗಳನ್ನೂ, ಸಂಸ್ಥೆಯ ಪತ್ರಿಕೆಗೆ ಲೇಖನಗಳನ್ನೂ ಇಂಗ್ಲಿಷಿನಲ್ಲಿ ಬರೆಯುವವಳು ನಾನು. ನೌಕರಿಯಲ್ಲ, ಬರೆದಷ್ಟಕ್ಕೆ ಕೂಲಿ. ಮೊದಲು ಕಣ್ಣೀರು ಇರಬೇಕು, ಕೊನೆಗೆ ನಗು ಇರಬೇಕು, ಅದು ಅವರ ಲೆಕ್ಕ. ಅತ್ತೆಯ ಮುಖ ನೋಡಿ ನೋಡಿ ಬೇಜಾರಾಗಿ ಸಂಘಕ್ಕೆ ಬರುತ್ತೇನೆ ಎಂದು ಒಬ್ಬಾಕೆ ಹೇಳಿದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದೆ. ಸ್ವಲ್ಪ ತಿದ್ದಿಕೊಡಿ ಎಂದು ವಾಪಸು ಬಂತು. ನಾನು ತಿದ್ದಲಿಲ್ಲ. ಅವರೇ ತಿದ್ದಿಕೊಂಡರು.

ನನ್ನ ಕೆಲಸಕ್ಕೆ ಸರಿಯಾದ ಹೆಸರಿಟ್ಟವನು ನಮ್ಮ ಭಾವ. "ಕಾಲೊರೆಸಿಗೆ ಜಾತಕ ಬರಿಯೋಳು ಬಂದ್ಲು, ಮಣೆ ಹಾಕ್ರಿ" ಎಂದು ಜಗಲಿಯಿಂದಲೇ ಕೂಗುತ್ತಿದ್ದ. ಭಾವ ಎಂದರೆ ನನ್ನ ದೊಡ್ಡಪ್ಪನ ಮಗಳ ಗಂಡ. ಅಕ್ಕನೂ ನಾನೂ ಚಿಕ್ಕನಾಯಕನಹಳ್ಳಿಯಲ್ಲಿ ಒಂದೇ ಮನೆಯಲ್ಲಿ ಬೆಳೆದವರು. ನನ್ನ ಜಡೆ ಹಾಕಿದವಳು, ನನಗೆ ಬೈದವಳು, ಮನೆಯವರನ್ನು ಒಪ್ಪಿಸಿ ನನ್ನನ್ನು ಕಾಲೇಜಿಗೆ ಕಳಿಸಿದವಳು ಅವಳೇ. ಮದುವೆಯಾಗಿ ಹಾಲ್ಕುರಿಕೆಯಿಂದಾಚೆಗಿನ ಹಳ್ಳಿಯೊಂದಕ್ಕೆ ಹೋದಳು. ತೋಟವಿದ್ದ ಮನೆ, ಊಟಕ್ಕೆ ಕೊರತೆಯಿಲ್ಲ, ಗಂಡ ಒಳ್ಳೆಯವನು. ಆ ಮನೆಯಲ್ಲಿ ಅವಳಿಗೆ ಶತ್ರು ಅಂತ ಇದ್ದದ್ದು ಹೊಗೆಯೊಂದೇ.

ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹರಡಿ ಒಣಗಿಸುವುದಿಲ್ಲ. ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಒಂದು ವರ್ಷದವರೆಗೂ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಲ್ಲಿಯವರೆಗೆ ಅದಕ್ಕೆ ಕೆಳಗಿನಿಂದ ಹೊಗೆ ಬೇಕು. ಹೊಗೆ ತಾಗದಿದ್ದರೆ ಕಾಯಿ ಕೌಟಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಅಟ್ಟದ ಬೊಂಬಿಗೆ ಹುಳು ಬೀಳುತ್ತದೆ. ಅದಕ್ಕೇ ಅಡುಗೆಮನೆಯ ನೆತ್ತಿಯ ಮೇಲೆ ಅಟ್ಟ. ತೆಂಗಿನ ಸೋಗೆ, ಎಡೆಮಟ್ಟೆ ಉರಿಸಿ ಹೆಂಗಸು ಬೇಯಿಸುತ್ತಾಳೆ, ಅವಳ ತಲೆಯ ಮೇಲೆ ಕೊಬ್ಬರಿ ಮಾಗುತ್ತದೆ. ನಡುವೆ ಅವಳ ಎದೆಗೂಡು ಇದೆ ಅನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ.

ಅಕ್ಕನಿಗೆ ದಮ್ಮು ಶುರುವಾಯಿತು. ಮೊದಲು ಚಳಿಗಾಲದಲ್ಲಿ ಮಾತ್ರ, ಆಮೇಲೆ ವರ್ಷವಿಡೀ. ಅವಳು ಮಲಗುತ್ತಿರಲಿಲ್ಲ, ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಿದ್ದಳು. ತಿಪಟೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಅವಳಿಗೇನೂ ಹೇಳದೆ ನನ್ನನ್ನು ಹೊರಗೆ ಕರೆದರು. "ಒಲೆ ಮುಂದೆ ಕೂರೋದು ಬಿಡಿಸಿ. ಇಲ್ಲದಿದ್ರೆ ಈಯಮ್ಮ ಜಾಸ್ತಿ ದಿನ ಉಳಿಯಲ್ಲ" ಎಂದರು. ಒಲೆ ಮುಂದೆ ಕೂರುವುದನ್ನು ಬಿಟ್ಟ ಸೊಸೆಯನ್ನು ನಾನು ಆ ಕಾಲದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲೇ ಹೊಗೆಯಿಲ್ಲದ ಒಲೆ ಬಂತು. ಕಾಲೊರೆಸಿನ ಲಾಭದಲ್ಲಿ ಒಂದು ಪಾಲನ್ನು ಸಂಸ್ಥೆ ಊರಿಗೇ ಬಿಟ್ಟುಕೊಡುತ್ತಿತ್ತು, ಯಾವುದಕ್ಕೆ ಬಳಸಬೇಕು ಎಂದು ಹೆಂಗಸರೇ ಹೇಳಬೇಕು. ಸಂಘದ ಸಭೆಯಲ್ಲಿ ಕೆಲವರು ದೇವಸ್ಥಾನಕ್ಕೆ ಗಂಟೆ ಅಂದರು, ಕೆಲವರು ಪಾತ್ರೆ ಅಂದರು. ಅಕ್ಕ ಎದ್ದು ನಿಂತು, ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂಗೆ ಉಸಿರು ಬೇಕು ಕಣ್ರವ್ವ" ಎಂದಳು. ಗಂಟೆ, ಪಾತ್ರೆ ಅಂದವರೂ ಒಲೆಗೇ ಕೈ ಎತ್ತಿದರು. ಮಣ್ಣಿನ ಒಲೆ, ಅದರ ಬೆನ್ನಿಗೆ ಸಿಮೆಂಟಿನ ಪೈಪು, ಪೈಪು ಅಟ್ಟವನ್ನು ದಾಟಿ ಹೆಂಚಿನ ಮೇಲಕ್ಕೆ. ಮೊದಲ ಒಲೆ ಹಾಕಿದ್ದು ಅಕ್ಕನ ಮನೆಯಲ್ಲೇ.

ಒಂದು ತಿಂಗಳಾದ ಮೇಲೆ ಹೋದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಒಲೆ ಉರಿಯುತ್ತಿತ್ತು. ಕಣ್ಣು ಉರಿಯಲಿಲ್ಲ. "ಕಾಲು ನೀಡ್ಕಂಡು ಮಲಗ್ತೀನಿ ಕಣೇ ಈಗ. ಕನಸು ಬೀಳ್ತವೆ. ಕನಸು ಬಿದ್ದು ಎಷ್ಟು ವರ್ಷ ಆಗಿತ್ತು ಗೊತ್ತಾ?" ಎಂದಳು. ನನಗೆ ಅಳು ಬಂತು. ಅತ್ತರೆ ಆಡಿಕೊಳ್ಳುತ್ತಾಳೆ ಎಂದು ನೀರು ಕುಡಿಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಆ ವರ್ಷ ಅಟ್ಟದ ಕಾಯಿ ಕೆಟ್ಟಿತು.

ಎಲ್ಲವೂ ಅಲ್ಲ, ಆದರೆ ಸಾಕಷ್ಟು. ನಷ್ಟವನ್ನು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ನುಂಗಲಾಗದ್ದು ಬೇರೆ ಇತ್ತು. ಅಕ್ಕನ ಅತ್ತೆ ತಮ್ಮ ಮಗಳಿಗೆ ತವರಿನಿಂದ ಹೊರಡುವಾಗ ಮಡಿಲು ತುಂಬಿದ್ದರು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಜೋಡಿ ಕೊಬ್ಬರಿ. ಮಗಳು ಗಂಡನ ಮನೆಗೆ ಹೋಗಿ ಕೊಬ್ಬರಿ ಹೋಳು ಮಾಡಿದರೆ ಎರಡೂ ಒಳಗೆ ಕಪ್ಪು. ಮುತ್ತೈದೆಯ ಮಡಿಲಿಗೆ ಕೊಳೆತ ಕೊಬ್ಬರಿ ಬಿದ್ದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಬೀಗರು ಹೇಳಿ ಕಳಿಸಿದರು. ಅತ್ತೆ ಎರಡು ದಿನ ಊಟ ಮಾಡಲಿಲ್ಲ.

ಆಮೇಲೆ ನಾನು ಅಲ್ಲಿದ್ದ ಒಂದು ದಿನ ಅಡುಗೆಮನೆಯಲ್ಲಿ ಮತ್ತೆ ಹೊಗೆ ಕಟ್ಟಿಕೊಂಡಿತು. ಅಕ್ಕ ಕೆಮ್ಮುತ್ತಾ ಹೊರಗೆ ಬಂದಳು. ನೋಡಿದರೆ ಪೈಪಿಗೆ ಗೋಣಿಚೀಲದ ಚೂರು ತುರುಕಿತ್ತು. ಅತ್ತೆ ಮುಚ್ಚುಮರೆ ಮಾಡಲಿಲ್ಲ.

"ನಾನೇ ತುರುಕ್ದೆ. ಮನೆ ಹೆಣ್ಣುಮಗ್ಳ ಮಡ್ಲಿಗೆ ಕೊಳ್ತಿದ್ದು ಹಾಕ್ದೆ ನಾನು. ಇನ್ನೊಂದ್ಸಲ ಹಾಕಕಾಗಲ್ಲ" ಎಂದರು. ನನಗೆ ಕೆಟ್ಟ ಸಿಟ್ಟು ಬಂದು, ಸೊಸೆಯ ಉಸಿರಿಗಿಂತ ಕೊಬ್ಬರಿ ದೊಡ್ಡದಾ ಎಂದು ಕೇಳಿಬಿಟ್ಟೆ. ಆ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿದರು. "ನಾನೂ ಅದೇ ಒಲೆ ಮುಂದೆ ಮುದುಕಿ ಆಗಿರೋಳು ಕಣಮ್ಮ" ಎಂದರು.

ತಾಯಿಗೂ ಹೆಂಡತಿಗೂ ನಡುವೆ ಸಿಕ್ಕ ಭಾವ ತಲೆ ಓಡಿಸಿದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಇದೆಲ್ಲ ಆಗಿ ಕೆಲವು ವಾರಗಳ ಮೇಲೆ ಹುಳಿಯಾರು ಬಸ್ಸಿನಿಂದಿಳಿದು ಅಕ್ಕನ ಮನೆಯ ಕಡೆ ನಡೆದು ಬರುತ್ತಿದ್ದೆ. ಹೊತ್ತು ಮುಳುಗುತ್ತಿತ್ತು. ಊರಿನ ಎಲ್ಲ ಹೆಂಚುಗಳ ಸಂದಿಯಿಂದಲೂ ಹೊಗೆ ಮೇಲೇಳುತ್ತಿತ್ತು. ಅಕ್ಕನ ಮನೆಯ ಪೈಪಿನಿಂದ ಮಾತ್ರ ಇಲ್ಲ. ಯಾರಿಗೋ ಹುಷಾರಿಲ್ಲವೇನೋ, ಒಲೆ ಹಚ್ಚಿಲ್ಲವೇನೋ ಎಂದು ಬೇಗ ಬೇಗ ಹೆಜ್ಜೆ ಹಾಕಿ ಒಳಗೆ ಹೋದೆ. ಒಲೆ ಧಗಧಗ ಉರಿಯುತ್ತಿತ್ತು, ಅಕ್ಕ ಮುದ್ದೆ ತಿರುವುತ್ತಿದ್ದಳು. ಅಡುಗೆಮನೆಯಲ್ಲಿ ಒಂದೆಳೆ ಹೊಗೆಯಿಲ್ಲ. ಹೊರಗೆ ಬಂದು ಮತ್ತೆ ಹೆಂಚು ನೋಡಿದೆ. ಅಲ್ಲೂ ಇಲ್ಲ.

"ಭಾವ, ಹೊಗೆ ಎಲ್ಲಿಗೆ ಹೋಗ್ತಿದೆ?" ಎಂದು ಕೇಳಿದೆ.

ಭಾವ ಸಂಭ್ರಮದಿಂದ ನಕ್ಕು ಬೆರಳನ್ನು ಮೇಲಕ್ಕೆ ತೋರಿಸಿದ. ಪೈಪನ್ನು ಅಟ್ಟದ ಒಳಗೇ ತುಂಡರಿಸಿದ್ದ. ಹೆಂಚಿನ ಮೇಲೆ ಉಳಿದದ್ದು ಸಂಸ್ಥೆಯವರು ಬಂದರೆ ತೋರಿಸುವುದಕ್ಕೆ. ಹೊಗೆ ಕೆಳಗಿಳಿಯದಂತೆ ಬೊಂಬಿನ ಸಂದಿ ಮುಚ್ಚಿ, ಅಟ್ಟದ ಬಾಯಿಗೆ ಹಲಗೆ ಇಟ್ಟು, ಹೊರಗೆ ಹೋಗಿ ದಂಡವಾಗಬಾರದು ಎಂದು ಹೆಂಚಿನ ಸಂದಿಗೆಲ್ಲ ಸಗಣಿ ಮಣ್ಣು ಮೆತ್ತಿದ್ದ. "ನಿಮ್ಮಕ್ಕಂಗೆ ಉಸ್ರೂ ಆಯ್ತು, ನಮ್ಮವ್ವಂಗೆ ಕೊಬ್ರೀನೂ ಆಯ್ತು. ಬರಿ, ಇದ್ನ ಬರಿ ನಿನ್ ಜಾತಕದಾಗೆ" ಎಂದ.

ನಾನು ಕತ್ತೆತ್ತಿ ಹಲಗೆಯನ್ನು ನೋಡಿದೆ. ಅಂಚಿನಲ್ಲಿ ಕಪ್ಪನೆಯ ಗೆರೆ ಕಟ್ಟಿತ್ತು. ಅದರ ಹಿಂದೆ ಏನೋ ಕೂತಿದೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಕಾಯಿ ನೋಡೋಕೆ ಯಾರು ಹತ್ತುತ್ತಾರೆ?" ಎಂದೆ.

ಯಾರು ಹತ್ತುತ್ತಾರೆ, ಅಕ್ಕನೇ. ಆ ಮನೆಯಲ್ಲಿ ಕಾಯಿ ಅಲ್ಲಾಡಿಸಿ ಆರಿಸುತ್ತಿದ್ದವಳು ಮೊದಲಿಂದಲೂ ಅವಳೇ. ಅತ್ತೆಯ ಕಿವಿ ಮಂದವಾಗಿತ್ತು, ಭಾವ ದಪ್ಪ ಮನುಷ್ಯ, ಅವನ ಭಾರಕ್ಕೆ ಬೊಂಬು ಜಗ್ಗುತ್ತಿತ್ತು. ಭಾವ ಅದಕ್ಕೂ ಕಟ್ಟಳೆ ಮಾಡಿದ್ದ. ಕಾಯಿ ಇಳಿಸುವ ದಿನ ಒಲೆ ಹಚ್ಚುವ ಹಾಗಿಲ್ಲ. ಹಿಂದಿನ ದಿನವೇ ಬೆಂಕಿ ಆರಿಸಿ, ಹಲಗೆ ತೆಗೆದು, ಎರಡು ಹೆಂಚು ಸರಿಸಿ, ಮಾರನೆಯ ಮಧ್ಯಾಹ್ನ ಹತ್ತಬೇಕು. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ನಾನೇನು ಹೇಳಲಿ? ಆದರೂ ಹೇಳಿದೆ. ಬೇಡ ಭಾವ, ಇದು ಒಳ್ಳೇದಲ್ಲ ಎಂದೆ. ಭಾವ ಮುಖ ಊದಿಸಿಕೊಂಡು ಎದ್ದು ಹೋದ.

ಅಕ್ಕ ನನ್ನ ಮೇಲೆ ಸಿಟ್ಟಾದಳು. "ಈಗ ಎಲ್ರೂ ಸುಮ್ಗವ್ರೆ. ನೀನ್ಯಾಕೆ ಕಡ್ಡಿ ಆಡಿಸ್ತೀಯ? ನಂಗೆ ನಿದ್ದೆ ಬತ್ತೈತೆ. ಅಷ್ಟು ಸಾಕು ಬುಡು."

ಒಲೆಯ ಯೋಜನೆ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕನಿಗೂ ಹೇಳಿದೆ. ಅವನು ಅಡುಗೆಮನೆಗೆ ಬಂದು ಮೂಗರಳಿಸಿ, "ಹೊಗೆ ಇಲ್ಲವಲ್ಲ ಮೇಡಂ, ಇನ್ನೇನು?" ಎಂದ. ಅಷ್ಟೇ ಅಲ್ಲ, ಆ ಉಪಾಯವನ್ನು ತಾನೇ ನಾಲ್ಕು ಮನೆಗೆ ಹೇಳಿ ಬಂದ. ತಮ್ಮಲ್ಲೂ ಕಾಯಿ ಕೆಟ್ಟಿತೆಂದು ಹೊಸ ಒಲೆ ಕಿತ್ತುಹಾಕುತ್ತಿದ್ದವರು ಈಗ ಇಟ್ಟುಕೊಂಡರು. ಅವನಿಗೆ ಬೇಕಾದದ್ದು ಅದೇ. ಮುಂದಿನ ತಿಂಗಳುಗಳಲ್ಲಿ ನಾನು ಕೆಲಸದ ಮೇಲೆ ಎಲ್ಲಿ ಹೋದರೂ, ಹಾಲ್ಕುರಿಕೆ ಕಡೆಯಾಗಲಿ ತುರುವೇಕೆರೆ ಕಡೆಯಾಗಲಿ, ಹೊತ್ತು ಮುಳುಗುವಾಗ ಹೆಂಚಿನ ಮೇಲೆ ಹೊಗೆಯಿಲ್ಲದ ಪೈಪುಗಳು ಕಾಣತೊಡಗಿದವು. ಇವತ್ತು ಒಂದು ಮನೆ, ಇನ್ನೊಂದು ದಿನ ಪಕ್ಕದ್ದು. ಇದರ ಮೇಲೊಂದು ಲೇಖನ ಬೇಕು, ಜನ ತಾವೇ ಕಂಡುಕೊಂಡ ದಾರಿ ಎಂದು ಸಂಸ್ಥೆಯಿಂದ ಕೇಳಿದರು. ಬರೆಯುವುದಿಲ್ಲ ಎಂದೆ. ಬೇರೆ ಯಾರೋ ಬರೆದರು.

ಆಮೇಲೆ ಸಂಸ್ಥೆಯ ಅಂಗಡಿಗಳನ್ನು ನೋಡಿಕೊಳ್ಳುವ ಬಿಳಿ ಹೆಂಗಸೊಬ್ಬರು ಬಂದರು. ಎತ್ತರದ ಆಳು, ಮೆತ್ತಗೆ ಮಾತಾಡುವವರು, ನೆಲದ ಮೇಲೆ ಕೂರಲು ಮಂಡಿ ಬಗ್ಗದಿದ್ದರೂ ಕುರ್ಚಿ ಬೇಡ ಎಂದು ಹಟ ಮಾಡುವವರು. ಕಾಲೊರೆಸು ಮಾಡುವ ಮನೆಯಲ್ಲಿ ಊಟ ಮಾಡಬೇಕೆಂದು ಅವರಿಗೆ ಆಸೆ. ಅಕ್ಕ ನಮ್ಮ ಮನೆಗೇ ಬರಲಿ ಎಂದಳು. ನಾನು ಇಂಗ್ಲಿಷು ಕನ್ನಡ ಮಾಡಲು ಜೊತೆಗಿದ್ದೆ. ಅತ್ತೆಗೆ ಅವರು ಹಿಡಿಸಿಬಿಟ್ಟರು. "ಗಂಡ ಅವ್ನಾ ಕೇಳು" ಎಂದು ನನಗೆ ಪಿಸುಗುಟ್ಟಿದರು. ಇದ್ದಾರೆ, ಮೇಷ್ಟ್ರಂತೆ ಎಂದೆ. "ಹಂಗಾದ್ರೆ ಮಡ್ಲು ತುಂಬೇ ಕಳಿಸ್ಬೇಕು. ಯಾವ ದೇಸದೋಳಾದ್ರೇನು, ಮುತ್ತೈದೆ ತಾನೆ" ಎಂದರು.

ಹೀಗಾಗುತ್ತದೆ ಎಂದು ನಾನು ಊಹಿಸಿದ್ದೆ. ಅದಕ್ಕೇ ತಿಪಟೂರಿನಿಂದ ಬರುವಾಗಲೇ ಜೋಡಿ ಕೊಬ್ಬರಿ ಕೊಂಡು ಚೀಲದಲ್ಲಿಟ್ಟುಕೊಂಡಿದ್ದೆ. ಅಡುಗೆಮನೆಗೆ ಹೋಗಿ ಅಕ್ಕನ ಕೈಗೆ ಕೊಟ್ಟೆ. ಅವಳು ಬೆಳಗಿನಿಂದ ಒಬ್ಬಟ್ಟು ಬೇಯಿಸುತ್ತಿದ್ದಳು. ಮುಖ ಬೆವೆತು ಕೆಂಪಗಾಗಿತ್ತು, ಖುಷಿಯಾಗಿದ್ದಳು. ಕೊಬ್ಬರಿ ನೋಡಿದ್ದೇ ಹುಬ್ಬು ಗಂಟಾಯಿತು.

"ಅಟ್ಟದ ತುಂಬ ಕಾಯಿ ಮಡಿಕ್ಕಂಡು ಪ್ಯಾಟೆ ಕೊಬ್ರಿ ಹಾಕ್ತಾರೇನೇ ಮಡ್ಲಿಗೆ? ನೋಡಿದೋರು ಏನಂದಾರು? ಹೋದೊರ್ಸ ಕೊಳ್ತಿದ್ದು ಹಾಕಿದ್ರು, ಈವರ್ಸ ಕೊಂಡ್ಕಂಬಂದು ಹಾಕಿದ್ರು ಅನ್ನಲ್ವಾ?"

"ಒಲೆ ಉರೀತಿದೆ ಅಕ್ಕ. ಇವತ್ತಿಗೆ ಇದೇ ಸಾಕು. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗಲ್ವಾ?" ಎಂದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಆಯ್ತು ಬುಡು, ಅಲ್ಲೇ ಮಡಗು. ಹೋಗಿ ಅವ್ರ ಜೊತೆ ಊಟಕ್ಕೆ ಕೂತ್ಕ. ಆಯಮ್ಮ ಒಬ್ಬಟ್ಟನ್ನ ಸಾರಿಗದ್ದಿ ತಿಂದ್ಬುಟ್ಟಾರು."

ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಬಿಳಿ ಹೆಂಗಸು, ಭಾವ, ನಾನು ಸಾಲಾಗಿ ಕುಳಿತೆವು. ಅತ್ತೆ ಬಡಿಸುತ್ತಿದ್ದರು. ಒಬ್ಬಟ್ಟಿಗೆ ತುಪ್ಪ ಬಿತ್ತು. ಆಕೆ ಏನೋ ಕೇಳಿದರು, ಭಾವ ಏನೋ ತಮಾಷೆ ಮಾಡಿದ, ಅದನ್ನು ನಾನು ಇಂಗ್ಲಿಷಿಗೆ ಹಾಕುತ್ತಿದ್ದೆ. ಆಗ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ಕಾಯಿ ಉರುಳಿತು.

ಇಲಿಯಾ ಎಂದು ಆಕೆ ಕೇಳಿದರು. ತುತ್ತು ನನ್ನ ಕೈಯಲ್ಲೇ ನಿಂತಿತು. ಭಾವ ಪಕ್ಕದಲ್ಲಿದ್ದಾನೆ. ಅತ್ತೆ ತುಪ್ಪದ ಗಿಂಡಿ ಹಿಡಿದು ಎದುರಿಗೆ ನಿಂತಿದ್ದಾರೆ. ಮನೆಯಲ್ಲಿ ಇನ್ನು ಇರುವುದು ಒಬ್ಬಳೇ. ಮೇಲೆ ಇನ್ನೊಂದು ಕಾಯಿ ಸರಿದ ಸದ್ದಾಯಿತು. ಆಮೇಲೆ ಭಾರವಾದದ್ದು ಏನೋ ಬಿತ್ತು. ಆಮೇಲೆ ಸದ್ದಿಲ್ಲ.

ನಾನು ಎದ್ದು ಓಡಿದೆ. ಏಣಿ ಹಾಕಿತ್ತು. ಹಲಗೆ ಸರಿದಿತ್ತು, ಅಟ್ಟದ ಬಾಯಿಂದ ಹೊಗೆ ದಪ್ಪಗೆ ಕೆಳಗಿಳಿಯುತ್ತಿತ್ತು. ಒಲೆಯಲ್ಲಿ ಬೆಂಕಿ ಹಾಗೇ ಇತ್ತು, ಕಾವಲಿಯ ಮೇಲೊಂದು ಒಬ್ಬಟ್ಟು ಸೀಯುತ್ತಿತ್ತು. ಕಾವಲಿಯ ಮೇಲಿನದು ಸೀಯುವುದರೊಳಗೆ ಇಳಿದು ಬರುತ್ತೇನೆ ಅಂದುಕೊಂಡಿದ್ದಳು ನನ್ನ ಅಕ್ಕ.

ಭಾವ ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ಹತ್ತಿದ. ಬೊಂಬು ಕಿರುಗುಟ್ಟಿತು. ಅವನು ಅವಳನ್ನು ಇಳಿಸುವ ಹೊತ್ತಿಗೆ ನಾವು ಒಲೆಗೆ ನೀರು ಸುರಿದಿದ್ದೆವು, ನನ್ನ ಅಂಗೈ ಬೆಂದದ್ದು ಆಮೇಲೆ ತಿಳಿಯಿತು. ಜಗಲಿಯ ಮೇಲೆ ಮಲಗಿಸಿದೆವು. ತುಟಿ ಕಪ್ಪಗಾಗಿತ್ತು. ಸೆರಗಿಗೆ ಒಂದು ಕಾಯಿ ಕಟ್ಟಿಕೊಂಡಿದ್ದಳು. ಬಿಳಿ ಹೆಂಗಸು ಬಗ್ಗದ ಮಂಡಿಯನ್ನು ಬಗ್ಗಿಸಿ ಕುಳಿತು, ಅಕ್ಕನ ಬಾಯಿಗೆ ಬಾಯಿಟ್ಟು ತಮ್ಮ ಉಸಿರನ್ನು ಊದತೊಡಗಿದರು. ಊರೆಲ್ಲ ಬಂದು ನಿಂತಿತ್ತು. ಬಾಯಿಗೆ ಬಾಯಿಡಬೇಡ ಎಂದು ಯಾರೋ ಅಂದದ್ದಕ್ಕೆ ಅತ್ತೆ ತಿರುಗಿ, "ಊದ್ಲಿ ಬುಡ್ರೋ" ಎಂದು ಗದರಿದರು. ಆಕೆ ತಾವೇ ಸುಸ್ತಾಗಿ ತಲೆ ತಿರುಗುವವರೆಗೂ ಊದಿದರು. ಆಕೆ ಬಂದಿದ್ದ ಜೀಪಿನಲ್ಲೇ ಹಾಕಿಕೊಂಡು ತಿಪಟೂರಿಗೆ ಹೊರಟೆವು. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಹಾಲ್ಕುರಿಕೆ ದಾಟುವ ಮೊದಲೇ ನನಗೆ ಗೊತ್ತಾಯಿತು. ಡ್ರೈವರಿಗೆ ಮೆಲ್ಲಗೆ ಹೋಗಲು ಹೇಳಿದೆ.

ಯಾರ ಮೇಲೆ ಸಿಟ್ಟು ಮಾಡಲಿ? ಸಿಟ್ಟು ಮಾಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ, ಆದರೆ ಇಲ್ಲಿ ಆಳೇ ಸಿಗಲಿಲ್ಲ. ಹೆಂಡತಿ ಉಸಿರಾಡಲಿ ಎಂದು ಪೈಪು ಕತ್ತರಿಸಿದವನು ಜಗಲಿಯ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಅತ್ತೆ ಒಲೆಯ ಮುಂದೆ ಕುಳಿತು ಎದ್ದೇಳಲಿಲ್ಲ. ಮೇಲ್ವಿಚಾರಕ ಬಂದು, ಅವರ ಎದೆ ಮೊದಲೇ ವೀಕಾಗಿತ್ತಲ್ಲ ಎಂದ. ಉಪಾಯ ಕಲಿತಿದ್ದ ಮನೆಗಳವರೂ ಅದೇ ಮಾತನ್ನು ಹಿಡಿದುಕೊಂಡರು, ಒಬ್ಬರೂ ಪೈಪನ್ನು ಸರಿಮಾಡಲಿಲ್ಲ. ನಾನು ಬಾಗಿಲಿಂದ ಬಾಗಿಲಿಗೆ ಹೋಗಿ ಹೇಳಿದೆ. ಕಾಫಿ ಕೊಟ್ಟು ಕಳಿಸಿದರು.

ಬಿಳಿ ಹೆಂಗಸು ಹೊರಡುವ ಮೊದಲು ಆ ಮನೆಗೆ ಇನ್ನೊಮ್ಮೆ ಬಂದರು. ಸೂತಕದ ಮನೆಯಿಂದ ಏನೂ ಕೊಡುವ ಹಾಗಿಲ್ಲ. ಅತ್ತೆ ಆಕೆಯ ಕೈ ಹಿಡಿದುಕೊಂಡು ಬಾಗಿಲವರೆಗೆ ಬಂದರು, ಅಷ್ಟೇ. ಯಾವ ಮಡಿಲು ತುಂಬಲು ಅಕ್ಕ ಏಣಿ ಹತ್ತಿದಳೋ ಆ ಮಡಿಲು ಬರಿದಾಗಿಯೇ ಹೋಯಿತು.

ಸೂತಕ ಕಳೆದ ಮೇಲೆ ಭಾವ ಒಲೆಯನ್ನು ಒಡೆದು ಹಾಕಿದ. ಹೆಂಚು ತೆಗೆಸಿ, ಅಟ್ಟಕ್ಕೆ ಗಾಳಿ ಬಿಟ್ಟು, ಆಳುಗಳಿಂದ ಕಾಯಿ ಇಳಿಸಿದರು. ನಾನು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದೆ. ಅವಳ ಸೆರಗಿನಲ್ಲಿದ್ದ ಕಾಯನ್ನು ಅತ್ತೆ ಎತ್ತಿಟ್ಟಿದ್ದರು, ಅದನ್ನೂ ಸುಲಿದು ಒಡೆದರು. ಒಳಗೆ ಎಣ್ಣೆ ಜಿನುಗುವ, ಕಲೆಯಿಲ್ಲದ ಉಂಡೆ ಕೊಬ್ಬರಿ. ಸಂಜೆಯವರೆಗೂ ಒಡೆದರು. ಆ ವರ್ಷ ಆ ಅಟ್ಟದಲ್ಲಿ ಒಂದೇ ಒಂದು ಕಾಯಿಯೂ ಕೆಟ್ಟಿರಲಿಲ್ಲ.